ದೋಷಿ ಎಂದು ತೀರ್ಪಾದ ಮೇಲೆ: ಶಿಕ್ಷೆಯ ಪ್ರಮಾಣದ ವಾದಕ್ಕೆ ಸಿದ್ಧವಾಗುವ ಬಗೆ

ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಕ್ರಿಮಿನಲ್ ತೀರ್ಪುಗಳ ಕೊನೆಯ ಪುಟಗಳನ್ನು ಓದಿದವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ. ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯನ್ನು ಕೇಳಲಾಗಿ, ತಾನು ಬಡವನೆಂದೂ, ಸಂಸಾರಕ್ಕೆ ತಾನೊಬ್ಬನೇ ಆಧಾರವೆಂದೂ, ಕನಿಷ್ಠ ಶಿಕ್ಷೆ ವಿಧಿಸಬೇಕೆಂದೂ ಕೋರಿಕೊಂಡನು ಎಂಬುದೇ ಆ ವಾಕ್ಯ. ಊರು, ಕಲಂ, ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಅದರ ಕೆಳಗೆ ಸರ್ಕಾರಿ ಅಭಿಯೋಜಕರು ಗರಿಷ್ಠ ಶಿಕ್ಷೆಗೆ ಪ್ರಾರ್ಥಿಸಿದರು ಎಂಬ ಇನ್ನೊಂದು ವಾಕ್ಯವಿರುತ್ತದೆ. ಸಾಕ್ಷಿಗಳ ಪಾಟೀ ಸವಾಲಿಗೆ ವರ್ಷಗಳನ್ನು ಕೊಟ್ಟ ಪ್ರಕರಣದಲ್ಲಿ, ಒಬ್ಬ ಮನುಷ್ಯ ಎಷ್ಟು ಕಾಲ ಸೆರೆಮನೆಯಲ್ಲಿರಬೇಕು ಎಂಬ ಪ್ರಶ್ನೆ ಈ ಎರಡು ವಾಕ್ಯಗಳ ನಡುವೆ ಮುಗಿದುಹೋಗುತ್ತದೆ.

ಶಿಕ್ಷೆಯಲ್ಲಿ ತಾರತಮ್ಯವಾಯಿತು ಎಂದು ದೂರುವವರು ಸಾಮಾನ್ಯವಾಗಿ ನ್ಯಾಯಾಧೀಶರ ವಿವೇಚನೆಯ ಕಡೆಗೆ ಬೆರಳು ತೋರಿಸುತ್ತಾರೆ. ಆದರೆ ವಿವೇಚನೆ ಎಂಬುದು ಕಡತದಲ್ಲಿರುವ ಸಂಗತಿಗಳ ಮೇಲೆ ನಡೆಯುವ ಕೆಲಸ. ಕಡತವೇ ಬರಿದಾಗಿದ್ದರೆ ನ್ಯಾಯಾಧೀಶರಿಗೆ ಉಳಿಯುವುದು ಊಹೆ ಮಾತ್ರ. ಆ ಕಡತವನ್ನು ತುಂಬುವ ಹೊಣೆ ವಕೀಲರದ್ದು. ವಿಚಾರಣಾ ನ್ಯಾಯಾಲಯಗಳಲ್ಲಿ ಹೊಸದಾಗಿ ಕ್ರಿಮಿನಲ್ ಪ್ರಕರಣ ನಡೆಸುತ್ತಿರುವ ವಕೀಲರಿಗೂ, ಮನೆಯವರೊಬ್ಬರು ದೋಷಿ ಎಂದು ತೀರ್ಮಾನವಾದಾಗ ಮುಂದೇನು ಎಂದು ತಿಳಿಯದೆ ನಿಂತ ಕುಟುಂಬಗಳಿಗೂ ಈ ಬರಹ ಉದ್ದೇಶಿತವಾಗಿದೆ. ಅಭಿಯೋಜಕರಿಗೂ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿಗಳುಂಟು.

ಹಕ್ಕು ಎಲ್ಲಿಂದ ಬಂತು

1973ರ ದಂಡ ಪ್ರಕ್ರಿಯಾ ಸಂಹಿತೆಯು ದೋಷನಿರ್ಣಯವನ್ನೂ ಶಿಕ್ಷೆಯನ್ನೂ ಎರಡು ಹಂತಗಳಾಗಿ ಬೇರ್ಪಡಿಸಿತು. ಸೆಷನ್ಸ್ ಪ್ರಕರಣಗಳಲ್ಲಿ ಕಲಂ 235(2), ಮ್ಯಾಜಿಸ್ಟ್ರೇಟರ ಮುಂದಿನ ವಾರಂಟು ಪ್ರಕರಣಗಳಲ್ಲಿ ಕಲಂ 248(2) ಅನ್ವಯ, ಶಿಕ್ಷೆ ವಿಧಿಸುವ ಮೊದಲು ಆ ಪ್ರಶ್ನೆಯ ಮೇಲೆ ಆರೋಪಿಯ ಮಾತನ್ನು ಕೇಳಲೇಬೇಕು. ಅದರ ಜಾಗಕ್ಕೆ ಬಂದಿರುವ ಹೊಸ ಸಂಹಿತೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ನಿಯಮ ಕಲಂ 258(2) ಮತ್ತು 271(2)ರಲ್ಲಿ ಮುಂದುವರಿದಿದೆ. 1976ರ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಳುವುದು ಎಂದರೆ ಬಾಯಿಮಾತಿನ ಕೋರಿಕೆಯನ್ನು ಆಲಿಸುವುದಷ್ಟೇ ಅಲ್ಲ, ಶಿಕ್ಷೆಗೆ ಸಂಬಂಧಿಸಿದ ಸಂಗತಿಗಳನ್ನೂ ದಾಖಲೆಗಳನ್ನೂ, ಅಗತ್ಯವಿದ್ದರೆ ಸಾಕ್ಷ್ಯವನ್ನೂ ಮುಂದಿಡಲು ಎರಡೂ ಕಡೆಯವರಿಗೆ ಅವಕಾಶ ಕೊಡುವುದು ಎಂದು ಹೇಳಿತು. ಈ ಹಂತದಲ್ಲಿ ಸಾಕ್ಷ್ಯ ನೀಡಬಹುದು ಎಂಬುದನ್ನು ಬಹಳ ಮಂದಿ ವಕೀಲರು ಬಳಸಿಕೊಳ್ಳುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ವ್ಯರ್ಥವಾಗುವ ಹಕ್ಕು ಇದೇ.

ಮೊದಲ ಕೆಲಸ: ವಿವೇಚನೆಯ ಎಲ್ಲೆಯನ್ನು ಅಳೆಯುವುದು

ಕೋರುವ ಮೊದಲು ಏನನ್ನು ಕೋರಬಹುದು ಎಂಬುದು ಸ್ಪಷ್ಟವಾಗಬೇಕು. ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳೋಣ. ದಾಯಾದಿಗಳ ನಡುವೆ ಹೊಲದ ಬದುವಿನ ವಿಚಾರಕ್ಕೆ ಜಗಳವಾಗಿ, ಹತ್ತೊಂಬತ್ತು ವರ್ಷದ ಯುವಕನೊಬ್ಬ ಕುಡುಗೋಲಿನಿಂದ ಹೊಡೆದು ಚಿಕ್ಕಪ್ಪನ ತೋಳಿನ ಮೂಳೆ ಮುರಿದಿದ್ದಾನೆ. ಭಾರತೀಯ ದಂಡ ಸಂಹಿತೆಯ ಕಲಂ 326ರ ಅಡಿಯಲ್ಲಿ ಆತ ದೋಷಿಯಾಗಿದ್ದಾನೆ. ಆ ಕಲಮಿನ ಶಿಕ್ಷೆ ಜೀವಾವಧಿ, ಅಥವಾ ಹತ್ತು ವರ್ಷಗಳವರೆಗಿನ ಸಜೆ, ಜೊತೆಗೆ ದಂಡ. ಕನಿಷ್ಠ ಮಿತಿ ಎಂಬುದೇ ಇಲ್ಲ. ಅಂದರೆ ಒಂದೇ ಕಲಮಿನೊಳಗೆ ಕೆಲವು ದಿನಗಳಿಂದ ಹಿಡಿದು ಜೀವಮಾನದವರೆಗೆ ಜಾಗವಿದೆ, ಮತ್ತು ಆ ಜಾಗದಲ್ಲಿ ಎಲ್ಲಿ ನಿಲ್ಲಬೇಕು ಎಂಬ ಸೂಚನೆ ಕಾನೂನಿನ ಪಠ್ಯದಲ್ಲಿ ಇಲ್ಲ.

ಈಗ ಕೃತ್ಯದ ದಿನಾಂಕವನ್ನು ನೋಡಿ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 118(2)ರಲ್ಲಿ ಇದೇ ಅಪರಾಧಕ್ಕೆ ಒಂದು ವರ್ಷದ ಕನಿಷ್ಠ ಸಜೆ ಸೇರಿಕೊಂಡಿದೆ. ಹೊಡೆದಾಟ ಆ ದಿನಕ್ಕಿಂತ ಹಿಂದೆ ನಡೆದಿದ್ದರೆ ಆ ಕನಿಷ್ಠ ಮಿತಿಯನ್ನು ಹೇರುವಂತಿಲ್ಲ, ಏಕೆಂದರೆ ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನು ವಿಧಿಸಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚಿನದನ್ನು ವಿಧಿಸಬಾರದೆಂದು ಸಂವಿಧಾನದ 20(1)ನೇ ವಿಧಿ ಹೇಳುತ್ತದೆ. ಹಳೆಯ ಪ್ರಕರಣಗಳು ಇನ್ನೂ ಹಲವು ವರ್ಷ ತೀರ್ಪಿಗೆ ಬರುತ್ತಲೇ ಇರುವುದರಿಂದ, ದೂರಿನಲ್ಲಿರುವ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಒಳ್ಳೆಯದು.

ಮೂರನೆಯ ಎಲ್ಲೆ ನ್ಯಾಯಾಲಯದ ಅಧಿಕಾರದ್ದು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷಗಳಿಗೆ ಮೀರಿದ ಸಜೆ ಕೊಡುವಂತಿಲ್ಲ; ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಏಳು ವರ್ಷಗಳವರೆಗೆ ಅಧಿಕಾರವಿದೆ. ಹೆಚ್ಚಿನ ಶಿಕ್ಷೆ ಬೇಕೆನಿಸಿದರೆ ಮ್ಯಾಜಿಸ್ಟ್ರೇಟರು ಕಡತವನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬಹುದು.

ನಾಲ್ಕನೆಯದು, ಕಾನೂನೇ ಕನಿಷ್ಠ ಶಿಕ್ಷೆ ನಿಗದಿಪಡಿಸಿರುವ ಅಪರಾಧಗಳು. ಅಲ್ಲಿ ಅದಕ್ಕಿಂತ ಕೆಳಗೆ ಇಳಿಯಲು ನ್ಯಾಯಾಲಯಕ್ಕೆ ಅವಕಾಶವಿಲ್ಲವೆಂದು 2019ರ ವಿಕ್ರಂ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹತ್ತು ವರ್ಷ ಕನಿಷ್ಠವಿರುವ ಕಲಮಿನಲ್ಲಿ ಐದು ವರ್ಷ ಕೊಡಿ ಎಂದು ಕೇಳುವ ವಕೀಲರನ್ನು ನಾನು ಕಂಡಿದ್ದೇನೆ. ಅಂಥ ಕೋರಿಕೆ ವ್ಯರ್ಥವಾಗುವುದಲ್ಲದೆ, ಅವರ ಉಳಿದ ಮಾತುಗಳ ತೂಕವನ್ನೂ ಕಳೆಯುತ್ತದೆ.

ಪ್ರೊಬೇಷನ್ ಸಿಗುವುದೇ ಎಂಬ ಪ್ರಶ್ನೆ

1958ರ ಅಪರಾಧಿಗಳ ಪ್ರೊಬೇಷನ್ ಅಧಿನಿಯಮವು ಸೆರೆಮನೆಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡುವ ದಾರಿ ತೆರೆದಿದೆ. ಕಲಂ 3 ಎಚ್ಚರಿಕೆ ಕೊಟ್ಟು ಬಿಡುವುದಕ್ಕೆ, ಕಲಂ 4 ಮುಚ್ಚಳಿಕೆಯ ಮೇಲೆ ಬಿಡುವುದಕ್ಕೆ. ಕಲಂ 6 ಇಪ್ಪತ್ತೊಂದು ವರ್ಷದೊಳಗಿನವರಿಗೆ ಸಂಬಂಧಿಸಿದ್ದು. ಇಲ್ಲಿ ಸೆರೆವಾಸ ವಿಧಿಸದಿರುವುದೇ ನಿಯಮ, ವಿಧಿಸಬೇಕಾದರೆ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಂಡು ಕಾರಣಗಳನ್ನು ಬರೆಯಬೇಕು. ಕೃತ್ಯದ ದಿನದ ವಯಸ್ಸಲ್ಲ, ವಿಚಾರಣಾ ನ್ಯಾಯಾಲಯ ದೋಷಿ ಎಂದು ತೀರ್ಮಾನಿಸಿದ ದಿನದ ವಯಸ್ಸು ಇಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದು 1960ರ ದಶಕದಿಂದಲೇ ನೆಲೆಗೊಂಡಿರುವ ನಿಲುವು. ವಿಚಾರಣೆ ಎಳೆದಷ್ಟೂ ಈ ರಕ್ಷಣೆ ಕೈತಪ್ಪುತ್ತದೆ ಎಂಬುದು ಅದರ ಕಹಿ ಪರಿಣಾಮ.

ನಮ್ಮ ಬದುವಿನ ಜಗಳದ ಯುವಕನಿಗೆ ತೀರ್ಪಿನ ದಿನ ಇಪ್ಪತ್ತು ವರ್ಷವೇ ಆಗಿದ್ದರೂ ಇದು ಸಿಗದು. ಕಲಂ 326 ಜೀವಾವಧಿ ಶಿಕ್ಷೆಗೂ ಅರ್ಹವಾದ ಅಪರಾಧವಾದ್ದರಿಂದ ಕಲಂ 4 ಮತ್ತು 6 ಎರಡೂ ಮುಚ್ಚಿಹೋಗುತ್ತವೆ. ಅದೇ ಮೂಳೆ ಮುರಿಯದೆ, ಕಲಂ 324ರ ಅಡಿಯಲ್ಲಿ ಮಾತ್ರ ದೋಷಿಯಾಗಿದ್ದರೆ, ಗರಿಷ್ಠ ಶಿಕ್ಷೆ ಮೂರು ವರ್ಷವಾದ್ದರಿಂದ ಬಾಗಿಲು ತೆರೆದಿರುತ್ತಿತ್ತು. ಆದ್ದರಿಂದ 326ರಲ್ಲಿ ಪ್ರೊಬೇಷನ್ ಕೇಳಿ ಕಾಲ ಕಳೆಯದೆ ಸಜೆಯ ಅವಧಿಯ ಮೇಲೆ ವಾದ ಕಟ್ಟಬೇಕು. ಅತಿವೇಗ, ಅಜಾಗರೂಕತೆಯ ಚಾಲನೆಯಿಂದ ಸಾವು ಸಂಭವಿಸಿದ ಪ್ರಕರಣಗಳಲ್ಲಿ ಕಾನೂನಿನ ಬಾಗಿಲು ತೆರೆದಿದ್ದರೂ, ಚಾಲಕರಿಗೆ ಪ್ರೊಬೇಷನ್ನಿನ ಉದಾರತೆ ತೋರಬಾರದೆಂದು 2000ದ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿರುವುದನ್ನು ಎದುರು ಪಕ್ಷ ಎತ್ತುವುದು ಖಚಿತ.

ಪ್ರೊಬೇಷನ್ ಕೊಡಬಹುದಾದ ಪ್ರಕರಣದಲ್ಲಿ ಅದನ್ನು ಕೊಡದಿದ್ದರೆ ನ್ಯಾಯಾಲಯ ವಿಶೇಷ ಕಾರಣಗಳನ್ನು ದಾಖಲಿಸಬೇಕು. ಹಳೆಯ ಸಂಹಿತೆಯಲ್ಲಿ ಇದು ಕಲಂ 361, ಹೊಸದರಲ್ಲಿ 402. ಬಾಯಿಮಾತಿನಲ್ಲಿ ಕೇಳಿದರೆ ಈ ಕಲಂ ಸುಲಭವಾಗಿ ಮರೆತುಹೋಗುತ್ತದೆ. ಲಿಖಿತ ಅರ್ಜಿ ಸಲ್ಲಿಸಿ ಕಲಮನ್ನು ಹೆಸರಿಸಿದರೆ, ಆದೇಶದಲ್ಲಿ ಅದಕ್ಕೆ ಉತ್ತರ ಬರಲೇಬೇಕಾಗುತ್ತದೆ, ಬರದಿದ್ದರೆ ಮೇಲ್ಮನವಿಗೆ ಅದೇ ಆಧಾರವಾಗುತ್ತದೆ.

ವಾಯಿದೆ ಕೇಳುವ ರೀತಿ

ದೋಷಿ ಎಂದು ಪ್ರಕಟಿಸಿದ ದಿನವೇ, ಅದೇ ಗಂಟೆಯಲ್ಲಿ, ಶಿಕ್ಷೆಯನ್ನೂ ಹೇಳಿ ಮುಗಿಸುವ ಪದ್ಧತಿ ಅನೇಕ ಕಡೆ ಇದೆ. 1989ರ ಅಲ್ಲಾವುದ್ದೀನ್ ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ನಿಯಮವೆಂಬಂತೆ ವಿಚಾರಣಾ ನ್ಯಾಯಾಲಯಗಳು ದೋಷನಿರ್ಣಯದ ನಂತರ ಪ್ರಕರಣವನ್ನು ಮುಂದಿನ ದಿನಾಂಕಕ್ಕೆ ಹಾಕಿ, ಶಿಕ್ಷೆಗೆ ಸಂಬಂಧಿಸಿದ ಸಂಗತಿಗಳನ್ನು ಮುಂದಿಡುವಂತೆ ಎರಡೂ ಕಡೆಯವರಿಗೆ ಸೂಚಿಸಬೇಕೆಂದು ಹೇಳಿದೆ. ಆದರೆ ಕಾನೂನಿನಲ್ಲಿಯೇ ಒಂದು ತೊಡಕಿದೆ. ಹಳೆಯ ಸಂಹಿತೆಯ ಕಲಂ 309ಕ್ಕೆ 1978ರಲ್ಲಿ ಸೇರಿಸಿದ, ಹೊಸ ಸಂಹಿತೆಯ ಕಲಂ 346ರಲ್ಲಿಯೂ ಉಳಿದುಕೊಂಡಿರುವ ಪರಂತುಕದ (ಕಲಮಿಗೆ ಜೋಡಿಸಿದ ಷರತ್ತಿನ) ಪ್ರಕಾರ, ವಿಧಿಸಲಿರುವ ಶಿಕ್ಷೆಯ ವಿರುದ್ಧ ಕಾರಣ ತೋರಿಸಲೆಂದು ಮಾತ್ರವೇ ವಾಯಿದೆ ಕೊಡುವಂತಿಲ್ಲ. ಅಭಿಯೋಜಕರು ಇದನ್ನು ತೋರಿಸಿದಾಗ ಹೊಸ ವಕೀಲರು ತಬ್ಬಿಬ್ಬಾಗುತ್ತಾರೆ.

ಮಾಡಬೇಕಾದುದು ಇಷ್ಟು. ವಾದಕ್ಕೆ ಸಮಯ ಬೇಕು ಎಂದು ಕೇಳಬೇಡಿ. ಯಾವ ದಾಖಲೆ, ಯಾರಿಂದ, ಎಷ್ಟು ದಿನಗಳಲ್ಲಿ ಬರಬೇಕು ಎಂಬುದನ್ನು ಬರೆದು ಮೆಮೊ ಸಲ್ಲಿಸಿ: ಸೆರೆಮನೆಯ ಅಧೀಕ್ಷಕರಿಂದ ನಡತೆಯ ವರದಿ, ಜಿಲ್ಲಾ ಆಸ್ಪತ್ರೆಯಿಂದ ಚಿಕಿತ್ಸೆಯ ದಾಖಲೆ, ಪ್ರೊಬೇಷನ್ ಅಧಿಕಾರಿಯ ವರದಿ ಎಂಬಂತೆ. ಆಗ ಅದು ಸಾಕ್ಷ್ಯ ತರಿಸಿಕೊಳ್ಳುವ ಕೋರಿಕೆಯಾಗುತ್ತದೆ, ಬರೀ ಕಾಲಹರಣವಾಗುವುದಿಲ್ಲ. ಇನ್ನೂ ಒಳ್ಳೆಯ ದಾರಿಯೆಂದರೆ ಅಂತಿಮ ವಾದ ಮುಗಿದ ದಿನದಿಂದಲೇ ಸಂಗ್ರಹ ಶುರುಮಾಡುವುದು. ಖುಲಾಸೆಯಾಗುವ ವಿಶ್ವಾಸವಿದ್ದರೂ ಇದನ್ನು ಮಾಡಬೇಕು. ಕಕ್ಷಿದಾರರಿಗೆ ಇದನ್ನು ಹೇಳುವುದು ಕಷ್ಟ, ನಮ್ಮ ವಕೀಲರೇ ಕೈಬಿಟ್ಟರು ಎಂದು ಅವರಿಗೆ ಅನ್ನಿಸಬಹುದು. ಆದರೂ ಹೇಳಬೇಕು.

ಕಡತಕ್ಕೆ ಏನನ್ನು ಸೇರಿಸಬೇಕು

ಕೃತ್ಯ ಮತ್ತು ಕೃತ್ಯ ಮಾಡಿದವನು, ಇವೆರಡನ್ನೂ ನೋಡಬೇಕೆಂಬುದು 1980ರ ಬಚನ್ ಸಿಂಗ್ ತೀರ್ಪಿನ ತಿರುಳು. ಅದು ಮರಣದಂಡನೆಯ ಪ್ರಕರಣವಾದರೂ, ಶಿಕ್ಷೆಯನ್ನು ಹೆಚ್ಚಿಸುವ ಮತ್ತು ತಗ್ಗಿಸುವ ಸಂಗತಿಗಳನ್ನು ಎದುರುಬದುರು ಇಟ್ಟು ತೂಗುವ ಪದ್ಧತಿ ಅಲ್ಲಿಂದ ಎಲ್ಲ ಬಗೆಯ ಪ್ರಕರಣಗಳಿಗೂ ಹರಡಿದೆ. ಹಾಗಾಗಿ ಸಂಗ್ರಹವೂ ಎರಡು ಕಡೆಯಿಂದ ನಡೆಯಬೇಕು.

ಕೃತ್ಯದ ಕಡೆಯ ಸಂಗತಿಗಳು ಬಹುಮಟ್ಟಿಗೆ ಸಾಕ್ಷ್ಯದಲ್ಲಿಯೇ ಇರುತ್ತವೆ, ಅವುಗಳನ್ನು ಹೆಕ್ಕಿ ತೆಗೆಯಬೇಕು. ಹೊಡೆದಾಟ ಹಠಾತ್ತನೆ ಆಯಿತೇ ಅಥವಾ ಮೊದಲೇ ಯೋಚಿಸಿ ಬಂದದ್ದೇ? ಆಯುಧವನ್ನು ಮನೆಯಿಂದ ತಂದನೇ, ಅಥವಾ ಕೊಯ್ಲಿನ ಕೆಲಸದಲ್ಲಿದ್ದುದರಿಂದ ಕೈಯಲ್ಲೇ ಇತ್ತೇ? ಎಷ್ಟು ಏಟು, ದೇಹದ ಯಾವ ಭಾಗಕ್ಕೆ? ಮೊದಲು ಬೈದವರು, ತಳ್ಳಿದವರು ಯಾರು? ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಯಾರು? ಸಾಕ್ಷಿಯ ಹೇಳಿಕೆಯ ಪುಟ ಮತ್ತು ಪ್ಯಾರಾ ಸಂಖ್ಯೆಯೊಂದಿಗೆ ಇವನ್ನು ಬರೆದುಕೊಡಿ. ನಮ್ಮ ಉದಾಹರಣೆಯಲ್ಲಿ, ಒಂದೇ ಏಟು ತೋಳಿಗೆ ಬಿದ್ದದ್ದು ಮತ್ತು ಕುಡುಗೋಲು ಕೆಲಸದ ಸಲಕರಣೆಯಾಗಿ ಕೈಯಲ್ಲಿದ್ದದ್ದು, ಎಂಟು ಸಾಲಿನ ಕರುಣಾಜನಕ ಕೋರಿಕೆಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಮನುಷ್ಯನ ಕಡೆಯ ಸಂಗತಿಗಳು ಕಡತದ ಹೊರಗಿರುತ್ತವೆ. ಬಡವ ಎಂದರೆ ಸಾಲದು. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿ, ಸಹಕಾರ ಸಂಘದ ಸಾಲದ ವಿವರ ಬೇಕು. ತಾಯಿಗೆ ಕಾಯಿಲೆ ಎಂದರೆ ಸಾಲದು; ಯಾವ ಕಾಯಿಲೆ, ಎಲ್ಲಿ ಚಿಕಿತ್ಸೆ, ಆಕೆಯನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರಿದ್ದಾರೆ ಎಂಬ ಪ್ರಶ್ನೆಗೆ ವೈದ್ಯಕೀಯ ಚೀಟಿಯೂ ಪ್ರಮಾಣಪತ್ರವೂ ಉತ್ತರ ಕೊಡಬೇಕು. ಓದಿನ ದಾಖಲೆ, ಕೆಲಸ ಕೊಟ್ಟವರ ಪತ್ರ, ಜಾಮೀನಿನ ಮೇಲಿದ್ದ ಅವಧಿಯಲ್ಲಿ ಯಾವ ಷರತ್ತನ್ನೂ ಮುರಿದಿಲ್ಲ ಎಂಬುದನ್ನು ತೋರಿಸುವ ಹಾಜರಾತಿ, ಬಾಲ್ಯದ ಹಿಂಸೆ ಅಥವಾ ಮಾನಸಿಕ ಅಸ್ವಸ್ಥತೆ ಇದ್ದರೆ ತಜ್ಞರ ವರದಿ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಪ್ರಕರಣ ಹನ್ನೆರಡು ವರ್ಷ ಎಳೆದಿದ್ದು ಅದಕ್ಕೆ ಆರೋಪಿ ಕಾರಣನಲ್ಲದಿದ್ದರೆ, ಯಾವ ಕಡೆಯವರ ಕೋರಿಕೆಯ ಮೇಲೆ ಎಷ್ಟು ವಾಯಿದೆಗಳಾದವು ಎಂಬ ಪಟ್ಟಿಯನ್ನು ಆದೇಶ ಹಾಳೆಯಿಂದ ತಯಾರಿಸಿ ಕೊಡಿ.

ಪಶ್ಚಾತ್ತಾಪದ ವಿಷಯ ಸೂಕ್ಷ್ಮವಾದದ್ದು. ತಾನು ನಿರಪರಾಧಿ ಎಂದು ಕೊನೆಯವರೆಗೆ ವಾದಿಸಿ, ಮೇಲ್ಮನವಿ ಹೂಡಲಿರುವವನು ತಪ್ಪೊಪ್ಪಿಕೊಳ್ಳಲಾರ. ಹಾಗೆಂದು ಮೌನವಾಗಿದ್ದರೆ ಪಶ್ಚಾತ್ತಾಪವೇ ಇಲ್ಲವೆಂಬ ಷರಾ ಬೀಳಬಹುದು. ನಾನು ಸೂಚಿಸುವ ದಾರಿ ಹೀಗಿದೆ: ಮೇಲ್ಮನವಿಯ ಹಕ್ಕಿಗೆ ಬಾಧಕವಾಗದಂತೆ ಈ ಮೆಮೊ ಸಲ್ಲಿಸಲಾಗಿದೆ ಎಂದು ಮೊದಲ ಸಾಲಿನಲ್ಲಿಯೇ ಬರೆದು, ಗಾಯಾಳುವಿಗಾದ ನೋವಿನ ಬಗ್ಗೆ ವಿಷಾದವನ್ನೂ ಪರಿಹಾರ ಕೊಡುವ ಸಿದ್ಧತೆಯನ್ನೂ ತಿಳಿಸುವುದು. ವಿಷಾದಕ್ಕೂ ತಪ್ಪೊಪ್ಪಿಗೆಗೂ ವ್ಯತ್ಯಾಸವಿದೆ, ನ್ಯಾಯಾಧೀಶರಿಗೆ ಅದು ತಿಳಿದಿರುತ್ತದೆ.

ಎದುರು ಪಕ್ಷ ಹೇಳುವುದನ್ನೂ ಪರೀಕ್ಷಿಸಬೇಕು. ಆತನ ಮೇಲೆ ಇನ್ನೂ ಮೂರು ಕೇಸುಗಳಿವೆ ಎಂಬ ಮಾತು ಬಂದರೆ, ಅವುಗಳಲ್ಲಿ ಎಷ್ಟು ತೀರ್ಮಾನವಾಗಿವೆ ಎಂದು ಕೇಳಿ. ಬಾಕಿ ಇರುವ ಪ್ರಕರಣ ಆರೋಪ ಮಾತ್ರ. ಹಿಂದಿನ ಶಿಕ್ಷೆಯ ಆಧಾರದ ಮೇಲೆ ಹೆಚ್ಚಿನ ಶಿಕ್ಷೆ ಕೇಳುವುದಾದರೆ ಅದನ್ನು ಕಾನೂನುಬದ್ಧವಾಗಿ ಸಾಬೀತು ಮಾಡಬೇಕು.

ನಿಲ್ಲದ ವಾದಗಳು

ಯಾವುದನ್ನು ಹೇಳಬಾರದು ಎಂಬುದಕ್ಕೆ ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ ಪಾಠದಂತಿದೆ. ಏಳೆಂಟು ವರ್ಷದ ಬಾಲಕಿಯ ಮೇಲಿನ ಅತ್ಯಾಚಾರಕ್ಕೆ ವಿಚಾರಣಾ ನ್ಯಾಯಾಲಯ ಹತ್ತು ವರ್ಷದ ಕಠಿಣ ಸಜೆ ವಿಧಿಸಿತ್ತು. ಆರೋಪಿ ಅನಕ್ಷರಸ್ಥ, ದುರ್ಬಲ ವರ್ಗದವನು, ಕುಡಿತದ ಚಟಕ್ಕೆ ಬಿದ್ದವನು, ವೃದ್ಧ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿದ್ದಾರೆ ಎಂಬ ಕಾರಣಗಳಿಗಾಗಿ ಹೈಕೋರ್ಟು ಅದನ್ನು ನಾಲ್ಕು ವರ್ಷಕ್ಕೆ ಇಳಿಸಿತು. ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ ಎಂಬ ಈ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟು ಹತ್ತು ವರ್ಷವನ್ನೇ ಮರಳಿ ಸ್ಥಾಪಿಸಿತು. ಇಂಥ ಅಪರಾಧದಲ್ಲಿ ಶಿಕ್ಷೆಯ ಅಳತೆ ಆರೋಪಿಯ ಅಥವಾ ನೊಂದವಳ ಸಾಮಾಜಿಕ ಸ್ಥಾನಮಾನವನ್ನು ಅವಲಂಬಿಸಲಾರದು ಎಂದಿತು. ಬಡತನ, ಅನಕ್ಷರತೆ, ಅವಲಂಬಿತರು ಎಂಬ ಸಂಗತಿಗಳು ಯಾವಾಗಲೂ ನಿರರ್ಥಕವೆಂದು ಇದರ ಅರ್ಥವಲ್ಲ. ಅವು ಕೃತ್ಯಕ್ಕೆ ಹೇಗೆ ಸಂಬಂಧಿಸುತ್ತವೆ, ಅಥವಾ ಮನುಷ್ಯ ಸುಧಾರಿಸುವ ಸಾಧ್ಯತೆಯನ್ನು ಹೇಗೆ ತೋರಿಸುತ್ತವೆ ಎಂಬ ಕೊಂಡಿ ಇಲ್ಲದೆ ಹೇಳಿದರೆ ಅವು ನಿಲ್ಲುವುದಿಲ್ಲ. ಕುಡಿದಿದ್ದ ಎಂಬುದನ್ನು ತಗ್ಗಿಸುವ ಸಂಗತಿಯಾಗಿ ಮುಂದಿಡುವುದಂತೂ ಬಹುತೇಕ ಸಂದರ್ಭಗಳಲ್ಲಿ ತಿರುಗುಬಾಣವೇ.

ಆರೋಪಿ ಒಳ್ಳೆಯ ಮನೆತನದವನು ಎಂಬ ವಾದವೂ ಅಷ್ಟೇ ದುರ್ಬಲ. ಬಡವನಿಗೆ ಬಡತನದ ರಿಯಾಯಿತಿ, ಸಿರಿವಂತನಿಗೆ ಮನೆತನದ ರಿಯಾಯಿತಿ ಎಂದಾದರೆ ಮಧ್ಯದವನೊಬ್ಬನೇ ಪೂರ್ತಿ ಶಿಕ್ಷೆ ಅನುಭವಿಸಬೇಕಾದೀತು!

ದಂಡ, ಪರಿಹಾರ ಮತ್ತು ನೊಂದವರು

ಸಜೆಯ ಬಗ್ಗೆ ಗಂಟೆಗಟ್ಟಲೆ ವಾದಿಸಿ ದಂಡದ ಬಗ್ಗೆ ಒಂದು ಮಾತೂ ಆಡದಿರುವುದು ಸಾಮಾನ್ಯ ತಪ್ಪು. ಮೊತ್ತವನ್ನು ಕಲಮಿನಲ್ಲಿ ನಿಗದಿಪಡಿಸದಿದ್ದರೆ ದಂಡಕ್ಕೆ ಮೇಲ್ಮಿತಿ ಇಲ್ಲ, ಆದರೆ ಅದು ವಿಪರೀತವಾಗಿರಕೂಡದು ಎಂದು ದಂಡ ಸಂಹಿತೆಯ ಕಲಂ 63 ಹೇಳುತ್ತಿತ್ತು, ನ್ಯಾಯ ಸಂಹಿತೆಯ ಕಲಂ 8 ಈಗಲೂ ಹೇಳುತ್ತದೆ. ಒಂದು ಲಕ್ಷ ರೂಪಾಯಿ ದಂಡ, ತಪ್ಪಿದರೆ ಆರು ತಿಂಗಳ ಸಜೆ ಎಂಬ ಆದೇಶ, ಹಣವುಳ್ಳವನಿಗೆ ಒಂದು ಚೆಕ್ಕು. ಕೂಲಿಯವನಿಗೆ ಆರು ತಿಂಗಳ ಹೆಚ್ಚುವರಿ ಸೆರೆವಾಸ. ಶಿಕ್ಷೆಯಲ್ಲಿನ ಅಸಮಾನತೆ ಇಷ್ಟು ನೇರವಾಗಿ ಕಾಣುವ ಜಾಗ ಇನ್ನೊಂದಿಲ್ಲ. ಅಪರಾಧಕ್ಕೆ ಸಜೆಯೂ ದಂಡವೂ ಇದ್ದಾಗ, ದಂಡ ಕಟ್ಟಲಾಗದ್ದಕ್ಕೆ ವಿಧಿಸುವ ಸಜೆ ಆ ಅಪರಾಧದ ಗರಿಷ್ಠ ಸಜೆಯ ನಾಲ್ಕನೇ ಒಂದು ಭಾಗವನ್ನು ಮೀರುವಂತಿಲ್ಲ. ವಿಚಾರಣಾ ಬಂಧನದ ದಿನಗಳನ್ನು ಅದಕ್ಕೆ ವಜಾ ಮಾಡಿಕೊಳ್ಳಲೂ ಬರುವುದಿಲ್ಲ. ಆದ್ದರಿಂದ ಆದಾಯದ ದಾಖಲೆ ಸಜೆಯ ವಾದಕ್ಕಿಂತ ದಂಡದ ವಾದಕ್ಕೆ ಹೆಚ್ಚು ಉಪಯುಕ್ತ. ಕಂತುಗಳಲ್ಲಿ ಕಟ್ಟಲು ಅವಕಾಶವನ್ನೂ ಕೋರಬಹುದು.

ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ಹಳೆಯ ಸಂಹಿತೆಯ ಕಲಂ 357ರಲ್ಲಿ, ಹೊಸದರ 395ರಲ್ಲಿ ಇದೆ. ಪ್ರತಿಯೊಂದು ಪ್ರಕರಣದಲ್ಲಿಯೂ ನ್ಯಾಯಾಲಯ ಈ ಪ್ರಶ್ನೆಗೆ ಮನಸ್ಸು ಕೊಡಲೇಬೇಕು, ಕೊಟ್ಟರೂ ಕೊಡದಿದ್ದರೂ ಕಾರಣ ಬರೆಯಬೇಕು ಎಂದು 2013ರ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಭಿಯೋಜಕರು ಇದಕ್ಕಾಗಿ ಆಸ್ಪತ್ರೆಯ ಬಿಲ್ಲುಗಳನ್ನೂ, ದುಡಿಮೆಯ ನಷ್ಟದ ಲೆಕ್ಕವನ್ನೂ ನೊಂದವರಿಂದ ಪಡೆದಿಟ್ಟುಕೊಳ್ಳಬೇಕು. ತೋಳು ಮುರಿದ ಚಿಕ್ಕಪ್ಪ ಎಷ್ಟು ತಿಂಗಳು ಉಳುಮೆ ಮಾಡಲಾಗಲಿಲ್ಲ ಎಂಬುದು ಕಡತದಲ್ಲಿ ಇರಬೇಕಾದ ಸಂಗತಿ. ಕಲಂ 326 ರಾಜಿಗೆ ಒಳಪಡುವ ಅಪರಾಧವಲ್ಲ. ಆದರೂ ಎರಡೂ ಮನೆಗಳು ನಿಜವಾಗಿ ಒಂದಾಗಿದ್ದರೆ ಅದನ್ನು ಶಿಕ್ಷೆಯ ಮಟ್ಟಿಗೆ ಗಣನೆಗೆ ತೆಗೆದುಕೊಂಡ ಸುಪ್ರೀಂ ಕೋರ್ಟಿನ ತೀರ್ಪುಗಳಿವೆ. ಜಂಟಿ ಮೆಮೊ ಸಲ್ಲಿಸುವಾಗ ಗಾಯಾಳು ಖುದ್ದು ಹಾಜರಿರಲಿ, ಒತ್ತಾಯದ ರಾಜಿಯೇ ಎಂಬ ಅನುಮಾನ ನ್ಯಾಯಾಧೀಶರಿಗೆ ಬರುವುದು ಸಹಜ. ನೊಂದವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು: ಪರಿಹಾರ ಕಡಿಮೆಯಾಯಿತೆಂದು ಅವರು ಮೇಲ್ಮನವಿ ಹೋಗಬಹುದು, ಸಜೆ ಕಡಿಮೆಯಾಯಿತೆಂದು ಹೋಗಲಾರರು. ಆ ಹಕ್ಕು ಸರ್ಕಾರಕ್ಕೆ ಮಾತ್ರ ಇದೆ. ಹೀಗಾಗಿ ಅವರ ಮಾತು ಕೇಳಿಸಬೇಕಾದದ್ದು ವಿಚಾರಣಾ ನ್ಯಾಯಾಲಯದಲ್ಲಿಯೇ.

ಹಿಂದಿನ ತೀರ್ಪುಗಳನ್ನು ಬಳಸುವಾಗ

ಇಂಗ್ಲೆಂಡಿನಲ್ಲಿ 2010ರಿಂದ ಶಿಕ್ಷಾ ಮಂಡಳಿಯೊಂದು ಅಪರಾಧವಾರು ಮಾರ್ಗಸೂಚಿಗಳನ್ನು ಹೊರಡಿಸುತ್ತಿದೆ. ನಮ್ಮಲ್ಲಿ ಅಂಥದ್ದಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿ 2003ರಲ್ಲಿಯೇ ಶಿಕ್ಷೆಯ ಮಾರ್ಗಸೂಚಿಗಳ ಅಗತ್ಯವನ್ನು ಹೇಳಿತು, 2008ರ ಪ್ರೇಮ್ ಸಾಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವುಗಳಿಲ್ಲದಿರುವುದನ್ನು ಗುರುತಿಸಿತು, ಹೊಸ ಸಂಹಿತೆಗಳು ಬಂದ ಮೇಲೂ ಸ್ಥಿತಿ ಹಾಗೆಯೇ ಇದೆ. ಅಂಕಿಗಳ ಕೋಷ್ಟಕಕ್ಕೆ ಕಟ್ಟಿಹಾಕಿದರೆ ಬದುವಿನ ಜಗಳದ ಯುವಕನೂ ಬಾಡಿಗೆ ಹೊಡೆತಗಾರನೂ ಒಂದೇ ಸಾಲಿಗೆ ಬರುವ ಅಪಾಯವಿರುವುದರಿಂದ, ನಾನು ಬಿಗಿಯಾದ ಕೋಷ್ಟಕದ ಪರ ಅಲ್ಲ. ಆದರೆ ಎಲ್ಲಿಂದ ಎಣಿಕೆ ಆರಂಭಿಸಬೇಕು ಎಂಬ ಸೂಚನೆಯಾದರೂ ಬೇಕು.

ಅದು ಬರುವವರೆಗೆ ವಕೀಲರೇ ಒಂದು ಸಣ್ಣ ಹೋಲಿಕೆಯನ್ನು ಸಿದ್ಧಪಡಿಸಬಹುದು. ಅದೇ ಕಲಂ, ಹತ್ತಿರದ ಸಂಗತಿಗಳು, ನಮ್ಮ ಹೈಕೋರ್ಟು ಎತ್ತಿಹಿಡಿದ ಅಥವಾ ತಗ್ಗಿಸಿದ ಶಿಕ್ಷೆ, ಹೀಗೆ ನಾಲ್ಕೈದು ತೀರ್ಪುಗಳು ಸಾಕು. ಪ್ರತಿಯೊಂದರ ಎದುರಿಗೆ ಆಯುಧ, ಗಾಯ, ವಯಸ್ಸು, ಹಿಂದಿನ ಶಿಕ್ಷೆ ಇವನ್ನು ಬರೆಯಿರಿ. ನಿಮಗೆ ವಿರುದ್ಧವಾದ ತೀರ್ಪನ್ನು ಬಚ್ಚಿಡದೆ ಸೇರಿಸಿ, ವ್ಯತ್ಯಾಸ ಎಲ್ಲಿದೆ ಎಂದು ತೋರಿಸಿ. ಅದೇ ಪ್ರಕರಣದ ಇತರ ಆರೋಪಿಗಳಿಗೆ ಕೊಟ್ಟ ಶಿಕ್ಷೆಯೂ ಮುಖ್ಯ. ಅದೇ ಪಾತ್ರ ವಹಿಸಿದ ಇಬ್ಬರಲ್ಲಿ ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಐದು ವರ್ಷವಾದರೆ ಅದಕ್ಕೆ ಕಾರಣ ಆದೇಶದಲ್ಲಿ ಕಾಣಬೇಕು.

ಮರಣದಂಡನೆಯ ಸಾಧ್ಯತೆ ಇರುವ ಪ್ರಕರಣಗಳಿಗೆ ಇಲ್ಲಿ ಹೇಳಿದ ಸಿದ್ಧತೆ ಸಾಲದು. 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆರೋಪಿಯ ಬದುಕಿನ ಹಿನ್ನೆಲೆ, ಮಾನಸಿಕ ಸ್ಥಿತಿ, ಸೆರೆಮನೆಯ ನಡತೆ ಇವುಗಳ ವರದಿಯನ್ನು ವಿಚಾರಣೆಯ ಹಂತದಲ್ಲಿಯೇ ತರಿಸಿಕೊಳ್ಳಬೇಕೆಂದು ಹೇಳಿದೆ. ಅನುಭವಿ ಹಿರಿಯರ ನೆರವಿಲ್ಲದೆ ಅಲ್ಲಿಗೆ ಕಾಲಿಡಬಾರದು. ಬೆಂಗಳೂರಿನಲ್ಲಿ ವಿಚಾರಣೆ ನಡೆದ ಸ್ವಾಮಿ ಶ್ರದ್ಧಾನಂದ ಪ್ರಕರಣ ಈ ವಿಚಾರದಲ್ಲಿ ಓದಲೇಬೇಕಾದದ್ದು. ವಿಚಾರಣಾ ನ್ಯಾಯಾಲಯ ಕೊಟ್ಟ ಮರಣದಂಡನೆಯನ್ನು ಹೈಕೋರ್ಟು ದೃಢಪಡಿಸಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ಬಗ್ಗೆ ಭಿನ್ನರಾದರು, 2008ರಲ್ಲಿ ಮೂವರ ಪೀಠ ಜೀವನಪರ್ಯಂತ ಬಿಡುಗಡೆಯಿಲ್ಲದ ಸೆರೆವಾಸಕ್ಕೆ ಬದಲಾಯಿಸಿತು. ಮರಣದಂಡನೆ ಉಳಿಯುವುದೋ ಇಳಿಯುವುದೋ ಎಂಬುದು ಪೀಠದಲ್ಲಿರುವವರ ವೈಯಕ್ತಿಕ ಒಲವನ್ನು ಸಾಕಷ್ಟು ಅವಲಂಬಿಸಿದೆ ಎಂದು ಆ ತೀರ್ಪು ತನ್ನ ಬಗ್ಗೆಯೇ ಒಪ್ಪಿಕೊಂಡಿತು.

ಆದೇಶ ಹೊರಬಿದ್ದ ದಿನ

ನ್ಯಾಯಾಲಯದ ಸಭಾಂಗಣದಿಂದ ಹೊರಡುವ ಮೊದಲು ಕೆಲವು ಕೆಲಸಗಳು ಮುಗಿಯಬೇಕು. ಒಂದಕ್ಕಿಂತ ಹೆಚ್ಚು ಕಲಮುಗಳಲ್ಲಿ ಸಜೆಯಾಗಿದ್ದರೆ ಅವು ಏಕಕಾಲದಲ್ಲಿ ನಡೆಯುತ್ತವೆಯೇ ಎಂಬುದು ಆದೇಶದಲ್ಲಿ ಸ್ಪಷ್ಟವಾಗಿದೆಯೇ ನೋಡಿ. ಹಳೆಯ ಸಂಹಿತೆಯ ಅಡಿಯಲ್ಲಿ ಆದೇಶ ಮೌನವಾಗಿದ್ದರೆ ಅವು ಒಂದರ ನಂತರ ಒಂದು ನಡೆಯುತ್ತವೆ, ಎರಡು ವರ್ಷ ಎಂದುಕೊಂಡದ್ದು ನಾಲ್ಕಾಗುತ್ತದೆ. ಸಜೆ ಮೂರು ವರ್ಷ ಮೀರದಿದ್ದು ಆರೋಪಿ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಸಲ್ಲಿಸುವವರೆಗೆ ಸಜೆಯನ್ನು ಅಮಾನತಿನಲ್ಲಿಡುವ ಅಧಿಕಾರ ಅದೇ ನ್ಯಾಯಾಲಯಕ್ಕಿದೆ. ಅರ್ಜಿಯನ್ನೂ ಜಾಮೀನುದಾರರನ್ನೂ ಆ ದಿನವೇ ಸಿದ್ಧವಾಗಿಟ್ಟುಕೊಂಡಿರಬೇಕು. ಸಜೆಯಾದವನಿಗೆ ತೀರ್ಪಿನ ಪ್ರತಿಯನ್ನು ತಕ್ಷಣ ಉಚಿತವಾಗಿ ಕೊಡಬೇಕು. ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗೆ 60 ದಿನ; ಮರಣದಂಡನೆಯಾದರೆ ಹೈಕೋರ್ಟಿಗೂ 30 ದಿನವೇ. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದಿದ್ದರೆ, ಬಂಧನದಲ್ಲಿರುವ ಯಾರಿಗೇ ಆಗಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕಿದೆ.

ಕೊನೆಯದಾಗಿ, ಸೆರೆಮನೆಗೆ ಹೋಗುವ ವಾರಂಟನ್ನು ಓದಿ. ಬಂಧನವಾದ ದಿನ, ಜಾಮೀನಾದ ದಿನ, ಮತ್ತೆ ಬಂಧನವಾಗಿದ್ದರೆ ಆ ದಿನ, ಇವು ಸರಿಯಾಗಿ ನಮೂದಾಗಿದ್ದರೆ ಮಾತ್ರ ವಿಚಾರಣಾ ಬಂಧನದ ಅವಧಿ ಸಜೆಯಿಂದ ಸರಿಯಾಗಿ ಕಳೆಯುತ್ತದೆ. ತಪ್ಪಿದ್ದರೆ ಶಿರಸ್ತೇದಾರರ ಮೇಜಿನ ಬಳಿಯೇ, ಕಡತ ಇನ್ನೂ ಅಲ್ಲಿರುವಾಗ, ಮೆಮೊ ಕೊಟ್ಟು ತಿದ್ದಿಸಿಕೊಳ್ಳಿ.